ಹಡಗಿನ ನಾರಣಪ್ಪನ ಮನೆ

ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆರೆದ ಯೋಗಾನರಸಿಂಹ ಮೇಷ್ಟರಿಗೆ ಜಗಲಿಯ ಕಂಬದ ಮೇಲೆ ನೋಟೀಸು ಕಾಣಿಸಿತು. ಹೊಳೆನರಸೀಪುರದ ಅಗಸೆ ಬೀದಿ ಅಗಲವಾಗಲಿದೆ, ಮೂರಡಿ ಜಗಲಿ ರಸ್ತೆಗೆ ಹೋಗಲಿದೆ, ಅಳತೆಗೆ ಇವತ್ತೇ ಬರುತ್ತಾರೆ. ನಿವೃತ್ತರಾದ ಮೇಲೆ ಮೇಷ್ಟರಿಗೆ ಉಳಿದಿದ್ದ ಸುಖವೆಂದರೆ ಆ ಜಗಲಿಯೊಂದೇ. ಕಾಫಿ, ಪೇಪರು, ಹೋಗಿಬರುವವರ ಯೋಗಕ್ಷೇಮ ಎಲ್ಲ ಅಲ್ಲೇ ನಡೆಯುತ್ತಿತ್ತು.

"ಯಾಕ್ ಸಾ ಯೋಚ್ನೆ?" ಎಂದ ಪಕ್ಕದ ಮನೆ ತಮ್ಮಯ್ಯ. ಕರೆಯದೆ ಬರುವುದರಲ್ಲಿ ಅವನು ನೊಣಕ್ಕಿಂತ ಒಂದು ಕೈ ಮೇಲು. "ನಮ್ ನಾರಣಪ್ಪ ಉಟ್ಟಿದ್ ಮನೆ ಇದೇಯ ಅಂದ್ಬುಡಿ. ಯಾವನ್ ಮುಟ್ತಾನೋ ನೋಡೇಬುಡಾನ!"

ಹಡಗಿನ ನಾರಣಪ್ಪ ಯಾರೆಂದು ಆ ಬೀದಿಯ ಮಕ್ಕಳಿಗೂ ಗೊತ್ತು. ಇನ್ನೂರೈವತ್ತು ವರ್ಷದ ಕೆಳಗೆ ಅಲ್ಲೇ ಚಿನ್ನಿದಾಂಡು ಆಡಿಕೊಂಡಿದ್ದವನು ಹದಿನಾರಕ್ಕೆ ಮನೆ ಬಿಟ್ಟ. ಮಂಗಳೂರಲ್ಲಿ ಹಡಗು ಹತ್ತಿ, ಅರಬ್ಬರ ಮರಳುಗಾಡು ದಾಟಿ, ಎರಡು ಸಲ ಹಡಗು ಒಡೆದರೂ ಬದುಕಿ, ಇಪ್ಪತ್ತು ವರ್ಷದ ಮೇಲೆ ನಡೆದುಕೊಂಡೇ ಊರಿಗೆ ಬಂದ. ಮೇಷ್ಟರೋ, ಹಾಸನದ ಬಸ್ ತಪ್ಪಿದರೇ ಕಂಗಾಲಾಗುವ ಜೀವ. ನಾರಣಪ್ಪನ ಹೆಸರು ಕೇಳಿದರೆ ಈ ವಯಸ್ಸಿನಲ್ಲೂ ಅವರ ಮೈ ಜುಮ್ಮೆನ್ನುತ್ತಿತ್ತು. ಆದರೆ ಅವನು ಯಾವ ಮನೆಯವನೆಂದು ಯಾರಿಗೂ ತಿಳಿದಿರಲಿಲ್ಲ.

"ದೇವರಮನೆ ಕಾಗದದಲ್ಲಿ ಅವನ ಹೆಸರಿದೆ ಅಂತ ಮಾವನೋರು ಹೇಳ್ತಿರ್ಲಿಲ್ವೇನ್ರೀ?" ಎಂದರು ಹೆಂಡತಿ ಕಾವೇರಮ್ಮ.

ಹೇಳುತ್ತಿದ್ದರು. ಮೋಡಿ ಲಿಪಿಯ ಆ ಕಾಗದಕ್ಕೆ ನಾಲ್ಕು ತಲೆಮಾರಿನವರು ಪ್ರತಿ ಯುಗಾದಿಗೂ ಅರಿಸಿನ ಕುಂಕುಮ ಏರಿಸಿ ಕೈಮುಗಿದಿದ್ದರೇ ಹೊರತು ಒಬ್ಬರೂ ಓದಿರಲಿಲ್ಲ.

ತಮ್ಮಯ್ಯ ಫೋನ್ ಮಾಡಿದ್ದೇ ತಡ, ಮೋಡಿ ಬಲ್ಲ ಸಂಶೋಧಕಿ ಶ್ರೀಗೌರಿ ಮಧ್ಯಾಹ್ನದೊಳಗೆ ಹಾಸನದಿಂದ ಬಂದಿಳಿದಳು. ಅಷ್ಟರಲ್ಲಿ ತಮ್ಮಯ್ಯ ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು. ಬಾಗಿಲಿಗೆ ಮಾವಿನ ತೋರಣ, ಮೇಷ್ಟರ ಕೊರಳಿಗೆ ಹಾರ. ನಾರಣಪ್ಪನನ್ನು ಕಂಡೇ ಇರದ ಜನ ಮೇಷ್ಟರ ಮೂಗು ಥೇಟ್ ಅವನದೇ ಎಂದರು. ಕಂಬಕ್ಕೆ ಬಳಿದ ಕುಂಕುಮದಲ್ಲಿ ನೋಟೀಸಿನ ಅಕ್ಷರವೇ ಮುಚ್ಚಿಹೋಯಿತು. ಅಳತೆಗೆ ಬಂದ ಇಂಜಿನಿಯರ್ ಅನಿಲ್‌ಕುಮಾರ್ ಕೂಡ ಚಪ್ಪಲಿ ಬಿಟ್ಟು ನಿಂತ.

ಶ್ರೀಗೌರಿ ಓದಿ ತಲೆಯೆತ್ತಿದಳು. "ಇದು ನಿಮ್ಮ ಮನೆ ಕ್ರಯಪತ್ರ ಸಾರ್."

"ನಾರಣಪ್ಪನ ಹೆಸರು?"

"ಇದೆ. ಚೆಕ್ಕುಬಂದಿಯಲ್ಲಿ, ಅಂದ್ರೆ ಮನೆಯ ನಾಲ್ಕು ದಿಕ್ಕಿಗೂ ಏನೇನಿದೆ ಅಂತ ಬರ್ದಿರೋ ಕಡೆ. 'ಪೂರ್ವಕ್ಕೆ, ಹಡಗು ಹತ್ತಿ ಬಂದ ನಾರಣಪ್ಪನು ಹುಟ್ಟಿದ ಮನೆ.'"

ಎಲ್ಲರೂ ಪೂರ್ವಕ್ಕೆ ತಿರುಗಿದರು. ಅಲ್ಲಿ ಬರೀ ರಸ್ತೆ ಇತ್ತು, ಅದರಾಚೆ ದೇವಸ್ಥಾನದ ಗೋಡೆ. ರಸ್ತೆಯ ನಡುವೆ ಎಮ್ಮೆಯೊಂದು ಮೆಲುಕು ಹಾಕುತ್ತಿತ್ತು.

ಮೇಷ್ಟರು ಮೆಲ್ಲಗೆ ಜಗಲಿ ಇಳಿದರು. ಅರವತ್ತೆಂಟು ವರ್ಷ ಚಪ್ಪಲಿ ಕಾಲಲ್ಲಿ ತುಳಿದ ನೆಲ! ಆ ಮಹಾನುಭಾವ ಅಂಬೆಗಾಲಿಟ್ಟದ್ದು ಇಲ್ಲೇ, ಸಮುದ್ರಕ್ಕೆ ಹೊರಟದ್ದೂ ಇಲ್ಲಿಂದಲೇ. ಜಗಲಿ, ನೋಟೀಸು ಎಲ್ಲ ಮರೆತೇಹೋಯಿತು. ಕಾದ ಟಾರಿಗೆ ಹಣೆ ಹಚ್ಚಿ ನಮಸ್ಕರಿಸಿದರು. ಎದ್ದಾಗ ಕಣ್ಣು ತುಂಬಿತ್ತು.

"ಇಲ್ಲಿ ಇನ್ನು ಒಂದು ಗಾಡೀನೂ ಓಡಕೂಡದು!" ಎಂದು ಕೂಗಿದರು. ಬೀದಿಯೆಲ್ಲ ಚಪ್ಪಾಳೆ ತಟ್ಟಿತು.

ಅನಿಲ್‌ಕುಮಾರನೂ ಬಗ್ಗಿ ಆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಪಕ್ಕಕ್ಕೆ ಹೋಗಿ ಫೋನಿನಲ್ಲಿ ಮೇಲಿನವರೊಡನೆ ಮಾತಾಡಿ ಬಂದ. "ಒಪ್ಪಿದ್ರು ಸಾರ್! ಈ ಜಾಗ ಹೀಗೇ ಉಳ್ಸಿ ರಸ್ತೇನೇ ಪಕ್ಕಕ್ಕೆ ಹಾಕ್ತೀವಿ. ಆ ಕಡೆ ದೇವಸ್ಥಾನ, ಮುಟ್ಟೋ ಹಾಗಿಲ್ಲ."

ಹಾಗೆಂದವನೇ ಬಣ್ಣದ ಡಬ್ಬ ಹಿಡಿದು ಜಗಲಿ ಹತ್ತಿದ, ನಡುಮನೆ ದಾಟಿದ, ಅಡಿಗೆಮನೆಯನ್ನೂ ದಾಟಿ, ಮೇಷ್ಟರ ಹಿತ್ತಿಲ ಗೋಡೆಯ ಮೇಲೆ ಕೆಂಪು ಗೀಟು ಎಳೆದ.