ಅತಿಥಿ ಸತ್ಕಾರ ಸಮಿತಿಯ ಸೇವೆ

ನಮ್ಮ ಚರ್ಚಿನ ಸಭೆಯಲ್ಲಿ ಅತಿಥಿ ಸತ್ಕಾರ ಸಮಿತಿ ಶುರುವಾದ ಮೇಲೆ ನಗುವುದಕ್ಕೆ ನಾನು ಬೇರೆಲ್ಲೂ ಹೋಗಬೇಕಾಗಿಲ್ಲ. ಸಮಿತಿಯಲ್ಲಿ ಇರುವುದು ಅಧ್ಯಕ್ಷರು, ಅಂದರೆ ಕಾಗದನಗರದ ಕಾರ್ಖಾನೆಯ ನಿವೃತ್ತ ಫೋರ್‌ಮನ್, ಅವರ ಹೆಂಡತಿ, ಮತ್ತೆ ಟೀ ಕಾಯಿಸಲು ಯಾರಾದರೂ ಬೇಕಲ್ಲ ಎಂದು ಸೇರಿಸಿಕೊಂಡ ನಾನು.

೧. ಎದ್ದು ನಿಲ್ಲಿ

ಹೊಸಬರು ಬಂದರೆ ಎಬ್ಬಿಸಿ ನಿಲ್ಲಿಸಿ, ಹೆಸರು ಕೇಳಿ, ಸ್ವಾಗತದ ಹಾಡು ಹಾಡಿ, ಚಪ್ಪಾಳೆ ತಟ್ಟಿ ಕೂರಿಸುವುದು ನಮ್ಮ ಪದ್ಧತಿ. ಕಳೆದ ವರ್ಷ ಬೀದರ್‌ನಿಂದ ನಮ್ಮ ಭದ್ರಾವತಿಗೆ ಒಬ್ಬ ನರ್ಸ್ ಬಂದಳು. ಒಬ್ಬಳೇ. ಭಾನುವಾರ ಯಾರಾದರೂ ಜೊತೆಗೆ ಕೂತು ಊಟ ಮಾಡಿದರೆ ಸಾಕು ಎನ್ನುವಂಥ ಹುಡುಗಿ. ನಾವು ಹಾಡಿದೆವು, ಚಪ್ಪಾಳೆ ತಟ್ಟಿದೆವು. ಮುಂದಿನ ವಾರ ಅಧ್ಯಕ್ಷರು ಮತ್ತೆ ಅವಳನ್ನೇ ಎಬ್ಬಿಸಿದರು. ಅದರ ಮುಂದಿನ ವಾರವೂ. ಕೊನೆಕೊನೆಗೆ "ಹೊಸಬರು ಯಾರಾದ್ರೂ..." ಎನ್ನುವಷ್ಟರಲ್ಲಿ ಅವಳೇ ಎದ್ದು ನಿಲ್ಲುತ್ತಿದ್ದಳು.

ಅಧ್ಯಕ್ಷರು ಹಿಗ್ಗಿ ನನ್ನ ಹತ್ತಿರ ಪಿಸುಗುಟ್ಟಿದರು: "ನೋಡಿ ಸಿಸ್ಟರ್, ವಾರವಾರ ಹೊಸಬ್ರು ಬರ್ತಾನೇ ಇದಾರೆ. ಸಭೆ ಬೆಳೀತಾ ಇದೆ!"

೨. ಮನೆಗೆ ಬನ್ನಿ

"ಒಂದ್ಸಲ ಮನೆಗೆ ಬಾಮ್ಮ" ಎಂದರೆ ನಮ್ಮಲ್ಲಿ "ಸರಿ, ಹೊರಡು" ಎಂದರ್ಥ. ಹುಡುಗಿಗೆ ಪಾಪ ಗೊತ್ತಿಲ್ಲ. ಅಧ್ಯಕ್ಷರ ಹೆಂಡತಿ ಹೇಳಿದ್ದನ್ನು ನಂಬಿ ಆವತ್ತೇ ಮಧ್ಯಾಹ್ನ ಬಾಳೆಹಣ್ಣು ಹಿಡಿದು ಹೋಗಿಬಿಟ್ಟಳು. ಒಳಗೆ ಕೋಳಿಸಾರು ಕುದಿಯುತ್ತಿತ್ತಂತೆ. ಅವರು ಒಲೆ ಆರಿಸಿ ಬಂದು, "ಇವತ್ತು ನಾವು ಉಪವಾಸ ಪ್ರಾರ್ಥನೇಲಿದೀವಮ್ಮ" ಎಂದರು.

"ಹಂಗಾರ ನಾನೂ ಕೂಡ್ತೀನ್ರಿ ಆಂಟಿ" ಎಂದು ಹುಡುಗಿ ಬೈಬಲ್ ತೆಗೆದು ಕೂತಳು. ಸಂಜೆಯವರೆಗೂ ಏಳಲಿಲ್ಲ.

ಅಧ್ಯಕ್ಷರೇ ಇದನ್ನು ನನಗೆ ಹೇಳಿದ್ದು. ಜೀವಮಾನದಲ್ಲಿ ಅವರು ಮಾಡಿದ ಒಂದೇ ಒಂದು ಉಪವಾಸ ಅದು, ಹೆಂಡತಿ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

೩. ವಿಚಾರಿಸಿಕೊಂಡು ಬನ್ನಿ

ಆಮೇಲೆ ಅವಳು ಸಭೆಗೆ ಬರುವುದನ್ನೇ ಬಿಟ್ಟಳು. ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದುಹೋಗುವ ಪಾಸ್ಟರ್, "ಏನಾಯ್ತು, ವಿಚಾರಿಸ್ಕೊಂಡು ಬನ್ನಿ" ಎಂದು ನಮ್ಮನ್ನು ಅಟ್ಟಿದರು. ಕ್ರಿಸ್‌ಮಸ್ ಹಿಂದಿನ ಭಾನುವಾರ ಸಮಿತಿ ಅವಳ ಬಾಡಿಗೆ ಮನೆಗೆ ಹೋಯಿತು, ಸರಿಯಾಗಿ ಊಟದ ಹೊತ್ತಿಗೆ. ಅವಳು ಮುಖ ಅರಳಿಸಿಕೊಂಡು ಕೂರಿಸಿ, ಮನೆಯಲ್ಲಿದ್ದ ಹೋಳಿಗೆ, ಕೋಸಂಬರಿ, ಚಿತ್ರಾನ್ನವನ್ನೆಲ್ಲ ನಮ್ಮ ತಟ್ಟೆಗೇ ಹಾಕಿದಳು. ತನಗೆಂದು ಏನೂ ಉಳಿಸಿಕೊಳ್ಳಲಿಲ್ಲ. ನನಗಂತೂ ನುಂಗಲು ಸಂಕಟವಾಯಿತು.

ಅಧ್ಯಕ್ಷರಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡು, "ಕ್ರೈಸ್ತ ಸತ್ಕಾರ ಅಂದ್ರೆ ಇದು! ಬೇರೆಯೋರಿಗೆ ಬರುತ್ತಾ?" ಎಂದರು.

"ಇದು ಪಕ್ಕದ ಮನಿ ಅಜ್ಜಿ ಕೊಟ್ಟಿದ್ರಿ ಅಂಕಲ್. ಈಗ ಐತವಾರದ ಊಟ ಎಲ್ಲಾ ಅವರದೇ."

ಅಷ್ಟರಲ್ಲಿ ಹಣೆತುಂಬ ವಿಭೂತಿ ಹಚ್ಚಿದ್ದ ಆ ಅಜ್ಜಿಯೇ ಹೋಳಿಗೆ ಸಾರಿನ ಪಾತ್ರೆ ಹಿಡಿದು ಬಂದರು. ನಮ್ಮನ್ನು ನೋಡಿ ಅವರಿಗೆ ಖುಷಿಯೋ ಖುಷಿ.

"ಅಂತೂ ನಿಮ್ಮೋರು ಬಂದ್ರಲ್ಲೇ ಪುಟ್ಟಿ! ಈ ಊರಲ್ಲಿ ಕ್ರಿಶ್ಚಿಯನ್ನರು ಯಾರೂ ಇಲ್ವೇನೋ, ಹುಡುಗಿ ಒಂಟಿಯಾಯ್ತು ಅಂದ್ಕೊಂಡಿದ್ದೆ. ಬೀದರ್‌ನಿಂದ ಬಂದ್ರೇನಪ್ಪಾ, ಅಷ್ಟು ದೂರದಿಂದ?"

ಎರಡು ಬೀದಿ ಆಚೆ ಮನೆಯಿರುವ ಅಧ್ಯಕ್ಷರು ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ಹೂಂ ಅಜ್ಜಿ, ರಾತ್ರಿ ಬಸ್ಸಿಗೆ."