ಏಳು ಫೂಟಿನ ಗಣರಾಜ್ಯ

ಹೇಳಿ ನೋಡೋಣ. ಒಂದು ಕಾಲನಿಯ ಮೂವತ್ತೊಂದು ಮಂದಿ ಕೈ ಎತ್ತಿ ಒಬ್ಬ ಮುದುಕನ ಹೆಣ ಹೋಗುವ ದಾರಿ ಬಂದ್ ಮಾಡಿದರು. ಮುದುಕ ಇನ್ನೂ ಜೀವಂತ. ಅಲ್ಲೇ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದ. ಮುಂದೇನಾಯಿತು?

ಹೊಳೆಯಲಿಲ್ಲವೇ? ಬಿಡಿ, ಜನ್ಮವೆಲ್ಲ ರಾಜ್ಯಶಾಸ್ತ್ರ ಕಲಿಸಿದ ನನಗೇ ಹೊಳೆದಿರಲಿಲ್ಲ. ಪ್ರಜಾಪ್ರಭುತ್ವಕ್ಕೂ ಗಣರಾಜ್ಯಕ್ಕೂ ಏನು ವ್ಯತ್ಯಾಸ ಎಂಬ ಆ ಐದು ಅಂಕದ ಪ್ರಶ್ನೆ ವರ್ಗವಾಗಿ ಹೋದ ಊರಲ್ಲೆಲ್ಲ ನನ್ನ ಬೆನ್ನಿಗೆ ಬಿದ್ದು ಮಾನ ಕಳೆದಿದೆ. ನಿವೃತ್ತನಾದ ಮೇಲಾದರೂ ಬಿಟ್ಟೀತು ಅಂದುಕೊಂಡೆ. ಅದಕ್ಕೆ ನಿವೃತ್ತಿ ಇಲ್ಲ.

ಮೂಡಲಗಿಯ ಬುತ್ತಿ

ನೌಕರಿಯ ಮೊದಲ ವರ್ಷ, ಮೂಡಲಗಿ ಕಾಲೇಜು. ಹೊಸ ಮಾಸ್ತರ, ಹೊಸ ಉಮೇದಿ. ಪುಸ್ತಕ ಮುಚ್ಚಿ ಜೀವನದಿಂದಲೇ ಉದಾಹರಣೆ ಕೊಡಬೇಕೆಂಬ ಹುಚ್ಚು. ಮುಂದಿನ ಬೆಂಚಿನ ಹುಡುಗನ ಬುತ್ತಿಯ ಗಂಟು ಎತ್ತಿ ಹಿಡಿದೆ. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ವಾಸನೆಗೆ ಇಡೀ ವರ್ಗ ಎದ್ದು ಕೂತಿತು.

"ಈ ಬುತ್ತಿ ಎಲ್ಲಾರೂ ಕೂಡಿ ತಿನ್ನೂನು ಅಂತ ಠರಾವು ಬಂತು ಅಂತ ತಿಳೀರಿ. ಎಷ್ಟ ಮಂದಿ ಕೈ ಎತ್ತತೀರಿ?"

ಹಿಂದಿನ ಬೆಂಚಿನ ಒಬ್ಬ ದಪ್ಪನೆಯ ಹುಡುಗ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಅವನ ಹಿಂದೆ ಉಳಿದವರೆಲ್ಲ ಎತ್ತಿದರು. ಬುತ್ತಿಯ ಒಡೆಯನೊಬ್ಬ ಮಾತ್ರ ಎತ್ತಲಿಲ್ಲ.

"ನೋಡ್ರಿ, ಇದು ಬರೇ ಪ್ರಜಾಪ್ರಭುತ್ವ," ಅಂದು ಬುತ್ತಿ ಕೆಳಗಿಟ್ಟು, ಹಲಗೆಯ ಮೇಲೆ ಆ ಶಬ್ದ ಬರೆಯಲು ತಿರುಗಿದೆ. ಬರೆದು ಈ ಕಡೆ ತಿರುಗುವಷ್ಟರಲ್ಲಿ ಗಂಟು ಬಿಚ್ಚಿತ್ತು, ರೊಟ್ಟಿ ಹೋಗಿತ್ತು. ಹಿಂದಿನ ಬೆಂಚಿನವನು ಬೆರಳು ನೆಕ್ಕುತ್ತಿದ್ದ.

ನಾನು ಗಡಬಡಿಸಿ ಹೇಳಿದೆ: "ಗಣರಾಜ್ಯದಾಗ ಹಿಂಗ ಆಗಾಂಗಿಲ್ಲ. ಬುತ್ತಿ ಅವಂದು ಅಂತ ಮೊದಲ ಬರದಿಟ್ಟಿರತಾರ. ನೂರು ಕೈ ಎದ್ದರೂ ಅದನ್ನ ಮುಟ್ಟಾಕ ಬರಾಂಗಿಲ್ಲ." ಅಷ್ಟರಲ್ಲಿ ಗಂಟೆ ಹೊಡೆಯಿತು. "ಗಣರಾಜ್ಯ ನಾಳೆ ನೋಡೂನು," ಅಂದೆ.

ಬುತ್ತಿಯ ಹುಡುಗ ಖಾಲಿ ಅರಿವೆ ಮಡಚುತ್ತ ಕೇಳಿದ: "ಸರ್ರ, ನಾಳಿತನಾ ನಾ ಏನ ತಿನ್ಲಿ?"

ಹುಕ್ಕೇರಿಯ ಉತ್ತರ

ಇದು ಗಿಡ್ಡ ಕತೆ. ಹುಕ್ಕೇರಿಗೆ ವರ್ಗವಾದಾಗ ಅದೇ ಪ್ರಶ್ನೆಯನ್ನು ಪರೀಕ್ಷೆಗೆ ಕೊಟ್ಟೆ. ಒಬ್ಬ ಎರಡೇ ಸಾಲು ಬರೆದಿದ್ದ: 'ಗಣರಾಜ್ಯವು ವರ್ಷಕ್ಕೊಮ್ಮೆ, ಜನವರಿ ಇಪ್ಪತ್ತಾರರಂದು ಇರುತ್ತದೆ. ಉಳಿದ ದಿನಗಳಲ್ಲಿ ಪ್ರಜಾಪ್ರಭುತ್ವ ಇರುತ್ತದೆ.'

ಸೊನ್ನೆ ಕೊಟ್ಟೆ. ಹುಡುಗ ಸ್ಟಾಫ್ ರೂಮಿಗೆ ಬಂದು ಜಗಳ ತೆಗೆದ. "ತಪ್ಪ ಏನೈತ್ರಿ ಸರ್ರ?"

"ಎಲ್ಲಾ ತಪ್ಪ."

"ಎಲ್ಲಾರೂ ಹಂಗ ಬರದಾರ್ರಿ. ಬಹುಮತ ನಂದ ಐತಿ."

ಅದೂ ಖರೆ ಇತ್ತು. ಇಡೀ ಸಾಲು ಅವನದನ್ನೇ ನೋಡಿ ಬರೆದಿತ್ತು.

ಗೋಕಾಕದ ಠರಾವು

ನಿವೃತ್ತನಾಗಿ ಗೋಕಾಕದ ಹೊರಗೆ ಒಂದು ಹೊಸ ಕಾಲನಿಯಲ್ಲಿ ಮನೆ ಕಟ್ಟಿದೆ. ಕಾಲನಿಯ ನಡುವೆ ಒಂದು ಹಳೆಯ ಓಣಿದಾರಿ. ಅದರ ತುದಿಗೆ ಬಲಕ್ಕೆ ಲಿಂಗಾಯತರ ರುದ್ರಭೂಮಿ, ಎಡಕ್ಕೆ ಮುಸಲ್ಮಾನರ ಕಬರಸ್ತಾನ. ಸೈಟು ಮಾರುವಾಗ ನಮಗೆ 'ಶಾಂತ ಪರಿಸರ' ಎಂದಿದ್ದರು. ಸುಳ್ಳು ಹೇಳಿರಲಿಲ್ಲ.

ಕಾಲನಿ ಹುಟ್ಟುವ ಮೊದಲೇ ಅಲ್ಲಿ ಒಂದೇ ಒಂದು ಮನೆ ಇತ್ತು, ಮಿಸ್ತ್ರಿ ಕಾಕಾನದು. ಗೇಟು, ಗ್ರಿಲ್ಲು ಬೆಸೆಯುವ ಕೆಲಸ. ಹೆಂಡತಿ ಕಬರಸ್ತಾನದಲ್ಲಿ ಮಲಗಿ ವರ್ಷಗಳಾಗಿವೆ. ಬೆಸುಗೆಯ ಹೊಗೆ ಕುಡಿದು ಕುಡಿದು ಕಾಕಾನ ಎದೆ ಹಾಳಾಗಿತ್ತು. ಡಾಕ್ಟರು ಕೈ ಬಿಟ್ಟಿದ್ದರು. ಕಾಕಾನಿಗೆ ಉಳಿದ ಆಸೆ ಒಂದೇ: ತನ್ನ ಬಾಗಿಲಿಂದ ಹೊರಟು, ನಾಲ್ಕು ಜನರ ಹೆಗಲ ಮೇಲೆ ಇದೇ ಓಣಿಯಲ್ಲಿ ಹೋಗಿ, ಹೆಂಡತಿಯ ಬಾಜೂಕ್ಕೆ ಮಲಗಬೇಕು. ಹೊರಬೇಕಾದ ನಾಲ್ಕು ಗೆಳೆಯರೂ ಮುದುಕರು. ಹೈವೇ ಸುತ್ತಿ ನಾಲ್ಕು ಕಿಲೋಮೀಟರು ಹೊರುವ ತಾಕತ್ತು ಅವರಿಗಿಲ್ಲ. "ಅವರಿಗೂ ಒಂದೊಂದ ಚಟ್ಟ ಕಟ್ಟಬೇಕಾಗತೈತ್ರಿ ಸರ್ರ," ಅನ್ನುತ್ತಿದ್ದರು ಕಾಕಾ.

ಆದರೆ ಕಾಲನಿಯವರಿಗೆ ದಿನಾ ಹೆಣ ನೋಡುವುದು ಬೇಸರವಾಗಿತ್ತು. ಒಂದು ಆದಿತ್ಯವಾರ ಸಭೆ ಸೇರಿತು. ಅಧ್ಯಕ್ಷ ಯಾರು ಅಂತೀರಿ? ಮೂಡಲಗಿಯ ಹಿಂದಿನ ಬೆಂಚಿನವನೇ! ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಆಮೇಲೆ ಠರಾವು ಓದಿದ: ಈ ಓಣಿಯಲ್ಲಿ ಇನ್ನು ಮುಂದೆ ಯಾವ ಹೆಣವೂ ಹಾಯಬಾರದು.

ನಾನು ಎದ್ದೆ. ದಾರಿ ಕಾಲನಿಗಿಂತ ಹಳೆಯದು, ಒಬ್ಬ ಮನುಷ್ಯನ ಹಕ್ಕನ್ನು ಕೈ ಎಣಿಸಿ ಕಸಿಯಲು ಬರುವುದಿಲ್ಲ, ಗಣರಾಜ್ಯವೆಂದರೆ ಇದೇ ಎಂದು ಶುರು ಮಾಡಿ ಗ್ರೀಸ್, ರೋಮ್ ಎಲ್ಲ ಮುಗಿಸಿ ಗೋಕಾಕಕ್ಕೆ ಬರುವಷ್ಟರಲ್ಲಿ ಮುಕ್ಕಾಲು ತಾಸು. ಮತ ಹಾಕಿದಾಗ ಮೂವತ್ತೊಂದು ಕೈ ಆ ಕಡೆ, ಎರಡು ಈ ಕಡೆ. ಒಂದು ಕಾಕಾನದು, ಒಂದು ನನ್ನದು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ: "ನೀನೂ ಆ ಕಡೆ ಕೈ ಎತ್ತಿದೆಲ್ಲ?"

"ನಾ ಮೊದಲ ನಿಮ್ಮ ಕಡೀನ ಇದ್ನಿ," ಅಂದಳು. "ನೀವು ರೋಮಿಗೆ ಹೋದಾಗ ಈ ಕಡೆ ಬಂದ್ನಿ."

ಹೊರಸು

ಅಧ್ಯಕ್ಷನ ಲೆಕ್ಕ ಹೀಗಿತ್ತು: ಹೆಣ ಈಗ ಗಾಡಿಯಲ್ಲಿ ಹೋಗುತ್ತದೆ, ಇಲ್ಲವೇ ಟ್ರ್ಯಾಕ್ಟರಿನಲ್ಲಿ. ಹೆಗಲ ಮೇಲೆ ಯಾರು ಹೊರುತ್ತಾರೆ? ಆದ್ದರಿಂದ ಓಣಿಯ ಬಾಯಿಗೆ ಒಂದು ಕಬ್ಬಿಣದ ಅಡ್ಡತೊಲೆ ಹಾಕಿದರೆ ಸಾಕು, ಕಾರು ಹಾಯಬೇಕು, ಹೆಣದ ಗಾಡಿ ಹಾಯಬಾರದು. ಬೆಸೆಯುವವರು ಯಾರು? ಕಾಲನಿಗೆಲ್ಲ ಮಿಸ್ತ್ರಿ ಒಬ್ಬನೇ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಎತ್ತರ ಎಷ್ಟಂತ ನೀವ ನೋಡಿ ಹಾಕ್ರಿ," ಅಂದ.

ಕಾಕಾ ಒಪ್ಪಿಕೊಂಡರು! ನಾನು ಸಿಟ್ಟಿಗೆದ್ದೆ. "ನಾ ಮ್ಯಾಲಿನವರಿಗೆ ಅರ್ಜಿ ಕೊಟ್ಟೇನಿ. ಕಾನೂನು ನಮ್ಮ ಕಡೆ ಐತಿ. ಸ್ವಲ್ಪ ತಡೀರಿ."

ಕಾಕಾ ಕೆಮ್ಮಿ ಮುಗಿಸಿ ನಕ್ಕರು. "ನಿಮ್ಮ ಗಣರಾಜ್ಯ ಬರೂತನಾ ನಾ ಇರಬೇಕಲ್ರಿ ಸರ್ರ? ಅದಿರ್ಲಿ, ನಿಮ್ಮ ಮನ್ಯಾಂದು ಹೊರಸ ಕೊಡ್ರಿ. ಕೆಲಸೈತಿ."

ಕೊಟ್ಟೆ. ಮಧ್ಯಾಹ್ನ ನೋಡಿದರೆ ಕಾಕಾನ ಆ ನಾಲ್ಕು ಮುದುಕ ಗೆಳೆಯರು ನಮ್ಮ ಖಾಲಿ ಹೊರಸನ್ನು, ಆ ಹಗ್ಗದ ಮಂಚವನ್ನು, ಹೆಗಲ ಮೇಲೆ ಹೊತ್ತು ಓಣಿಯ ಬಾಯಲ್ಲಿ ನಿಂತಿದ್ದಾರೆ. ಕಾಕಾ ಕೈಯಲ್ಲಿ ಟೇಪು ಹಿಡಿದು ಸುತ್ತುತ್ತಿದ್ದಾರೆ. ಹೆಂಡತಿ ಕಿಟಕಿಯಿಂದ ಕೂಗಿದಳು: "ಹೊರಸ ಮಾರಿದ್ರೇನ?"

ಮರುದಿನ ಹೊರಸು ವಾಪಸ್ ಬಂತು. ತೊಲೆ ಏಳು ಫೂಟಿಗೆ ನಿಂತಿತು. ಏಳೇ ಯಾಕೆ ಎಂದು ಯಾರೂ ಕೇಳಲಿಲ್ಲ.

ಕೂತವರು

ಕೆಲವು ತಿಂಗಳಾದ ಮೇಲೆ ಕಾಲನಿಯ ಒಂದು ಕಾರ್ಯಕ್ರಮದಲ್ಲಿ ನನ್ನ ಭಾಷಣ. ಮುಂದಿನ ಸಾಲಿನ ಕುರ್ಚಿಯಲ್ಲಿ ಅಧ್ಯಕ್ಷನ ತಂದೆ, ತೊಂಬತ್ತು ದಾಟಿದ ಹಿರಿಯರು. ನನ್ನ ಭಾಷಣದ ನಡುವೆಯೇ ಅವರು ತೀರಿಕೊಂಡರು. ಯಾರಿಗೂ ಗೊತ್ತಾಗಲಿಲ್ಲ. ಉಳಿದವರೂ ಹಾಗೇ ಕೂತಿದ್ದರು.

ಮಧ್ಯಾಹ್ನದೊಳಗೆ ಬೆಲ್ಲದ ಬಾಗೇವಾಡಿಯಿಂದ ಬೀಗರು, ಬಳಗ ಬಂದಿಳಿದರು. ಲಿಂಗಾಯತರಲ್ಲಿ ಸತ್ತವರನ್ನು ಕೂಡ್ರಿಸಿ ಒಯ್ಯುವ ಪದ್ಧತಿ. ಬಾಳೆಕಂಬ, ಹೂವು ಕಟ್ಟಿ ಗೋಪುರದಂಥ ವಿಮಾನ ತಯಾರಾಯಿತು. ಅಧ್ಯಕ್ಷ ಹೈವೇ ಮೇಲೆ ಹೋಗಲು ಟ್ರ್ಯಾಕ್ಟರು ತರಿಸಿದ್ದ.

ಬೀಗರ ಪೈಕಿ ಒಬ್ಬ ಹಿರಿಯ ಗದರಿದ: "ನಮ್ಮ ಹಿರ್ಯಾ ಏನ ಕಬ್ಬಿನ ಲೋಡ ಏನೋ? ಹೆಗಲ ಮ್ಯಾಲ ಹೋಗತಾನ. ಎದುರಿಗೆ ದಾರಿ ಇಟಗೊಂಡ ಊರ ಯಾಕ ಸುತ್ತತಿ?"

ಅಧ್ಯಕ್ಷ ಅಳುತ್ತಲೇ ಕಾಲನಿಯವರ ಕಡೆ ನೋಡಿದ. "ಇದೊಂದ ಸಲ..." ಮೂವತ್ತೊಂದೂ ಕೈ ಎದ್ದವು. ಹೆಣದ ಮುಂದೆಯೇ ಠರಾವು ಪಾಸಾಯಿತು.

ವಿಮಾನ ಎದ್ದಿತು, ಭಜನೆ ಎದ್ದಿತು. ಓಣಿಯ ಬಾಯಿಗೆ ಬಂದು ನಿಂತಿತು. ಹೊತ್ತವರ ಹೆಗಲು ಐದು ಫೂಟು, ಕೂತ ಅಜ್ಜ ಮೂರು ಫೂಟು, ಮೇಲೆ ಗೋಪುರ ಬೇರೆ. ತೊಲೆ ಏಳು ಫೂಟು. ಅದಕ್ಕೆ ಬಹುಮತ ತಿಳಿಯಲಿಲ್ಲ.

"ಗೋಪುರ ಬಿಚ್ಚ್ರಿ," ಅಂದ ಒಬ್ಬ. ಬಿಚ್ಚಿದರು. ಅಜ್ಜನ ರುಮಾಲು ತೊಲೆಗೆ ಬಡಿಯಿತು.

"ಹೊತ್ತಾವರು ಕುಕ್ಕರಗಾಲಲೆ ನಡೀರಿ." ಎರಡು ಹೆಜ್ಜೆಗೆ ಅಜ್ಜ ಓಲಾಡಿದರು. ಹೆಂಗಸರು ಚೀರಿದರು.

"ಮಲಗಿಸಿ ದಾಟ್ಸೂನೇನ?" ಎಂದ ಇನ್ನೊಬ್ಬ. ಬೀಗರು ಅವನನ್ನೇ ಮಲಗಿಸುವಂತೆ ನೋಡಿದರು.

ಆಗ ಕಾಕಾ ಬಂದರು. ಕರೆಂಟ್ ಇರಲಿಲ್ಲ, ಕೈಯಲ್ಲಿ ಕಬ್ಬಿಣ ಕೊಯ್ಯುವ ಗರಗಸ. ಅಧ್ಯಕ್ಷ ಓಡಿ ಹೋಗಿ ಕೈ ಹಿಡಿದ: "ಕಾಕಾ, ಹಿಂಗ್ಯಾಕ ಹಾಕಿದ್ರಿ ಇದನ್ನ?"

"ಬ್ಯಾರೇದಾವರು ಹಾಕಿದ್ರ ಆರು ಫೂಟಿಗೆ ಹಾಕತಿದ್ರು. ಅದಕ್ಕ ನಾನ ಒಪಗೊಂಡ್ನಿ," ಅಂದರು ಕಾಕಾ. "ಸರ್ ಮನಿ ಹೊರಸ ಹೊರಿಸಿ ನನ್ನ ಅಳತಿ ತಗೊಂಡ್ನಿ. ಮಲಗಿದಾಂವ ಹಾಯಬೇಕು, ಅಷ್ಟ ಲೆಕ್ಕ. ನನಗಿಂತ ಮೊದಲ ಕೂತಾಂವ ಬರತಾನಂತ ನನಗೇನ ಗೊತ್ತ್ರಿ?"

ಹೆಣದ ಮುಂದೆ ನಗಬಾರದು. ಮೊದಲು ನಕ್ಕವನು ಆ ಗದರಿದ ಬೀಗ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಅಧ್ಯಕ್ಷ ಅಳುತ್ತ ನಗುತ್ತಿದ್ದ.

"ಕೊಯ್ಯೂದು ಒಮ್ಮೆ," ಅಂದರು ಕಾಕಾ. "ಮತ್ತ ಬೆಸಿಯಾಂಗಿಲ್ಲ."

"ಬೆಸಿಯೂದ ಬ್ಯಾಡ್ರಿ. ಯಾರಿಗೂ ಬ್ಯಾಡ," ಅಂದ ಅಧ್ಯಕ್ಷ. ಕಾಕಾ ನಾಲ್ಕು ಎಳೆತಕ್ಕೆ ಕೆಮ್ಮಿ ಕೂತರು. ಗರಗಸ ಅಧ್ಯಕ್ಷ ಹಿಡಿದ. ಅವನ ನಂತರ ಕೈ ಎತ್ತಿದವರೆಲ್ಲ ಸರದಿ ಹಚ್ಚಿ ಕೊಯ್ದರು, ನನ್ನ ಹೆಂಡತಿಯೂ. ಅಜ್ಜ ಕೂತಲ್ಲೇ ಎಲ್ಲ ನೋಡಿದಂತಿತ್ತು. ತೊಲೆ ಬಿದ್ದಿತು, ವಿಮಾನ ಹಾಯ್ದು ಹೋಯಿತು.

ಕಾಕಾ ಇನ್ನೂ ಇದ್ದಾರೆ. "ದಾರಿ ಖುಲ್ಲಾ ಆತಲ್ರಿ, ಈಗೇನ ಗಡಬಡಿ?" ಅನ್ನುತ್ತಾರೆ. ನನ್ನ ಅರ್ಜಿಗೆ ಉತ್ತರ ಇನ್ನೂ ಬರಬೇಕು.

ಹುಕ್ಕೇರಿಯ ಆ ಹುಡುಗ ಎಲ್ಲಿದ್ದಾನೋ, ಸಿಕ್ಕರೆ ಐದಕ್ಕೆ ಐದು ಕೊಡುವುದಿದೆ. ಯಾಕೆಂದರೆ ಆ ತೊಲೆ ಬಿದ್ದ ದಿನ ಎರಡು ಸಾವಿರದ ಇಪ್ಪತ್ನಾಲ್ಕನೆಯ ಇಸವಿ, ಜನವರಿ ಇಪ್ಪತ್ತಾರು, ಶುಕ್ರವಾರ.