ಲಾರಿಯ ಹಿಂದಿನ ಎರಡು ಹೆಸರು

ದೇವರು ನನಗೆ ಭಕ್ತಿಯನ್ನೂ ಅನುಮಾನವನ್ನೂ ಒಂದೇ ಅಳತೆಯಲ್ಲಿ ಕೊಟ್ಟಿದ್ದಾನೆ. ಭಕ್ತಿಯೆಲ್ಲ ಅವನ ಪಾಲಿಗೇ ಹೋಗುವುದರಿಂದ ಮನುಷ್ಯರಿಗೆ ಉಳಿಯುವುದು ಅನುಮಾನ ಮಾತ್ರ. ಹೂವಿನವಳು ಮೊಳ ಹಾಕುವಾಗ ನಾನು ಹೂವನ್ನು ನೋಡುವುದಿಲ್ಲ, ಅವಳ ಮೊಳಕೈಯನ್ನು ನೋಡುತ್ತೇನೆ. ದೇವಸ್ಥಾನದಲ್ಲಿ ಮಂಗಳಾರತಿಗೆ ಕಣ್ಣು ಮುಚ್ಚಿದರೂ ಒಂದು ಕಣ್ಣು ಅರ್ಧ ತೆರೆದು ಚಪ್ಪಲಿ ಬಿಟ್ಟ ಕಡೆಗೇ ಇರುತ್ತದೆ. ಇದು ಒಳ್ಳೆಯ ಗುಣವಲ್ಲವೆಂದು ನನಗೂ ಗೊತ್ತು. ಪ್ರತಿ ಶುಕ್ರವಾರ ದೀಪ ಹಚ್ಚಿ, "ತಾಯೀ, ಈ ಬುದ್ಧಿ ಬಿಡಿಸಮ್ಮ" ಎಂದು ಬೇಡಿಕೊಳ್ಳುತ್ತೇನೆ. ಇಷ್ಟು ವರ್ಷವಾದರೂ ಆಕೆ ಬಿಡಿಸಿಲ್ಲವೆಂದರೆ ಅದರಿಂದ ಏನೋ ಉಪಯೋಗವಿರಬೇಕೆಂದು ಸಮಾಧಾನ ಮಾಡಿಕೊಂಡಿದ್ದೇನೆ.

ಹೀಗಿದ್ದರೂ ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ನಮ್ಮ ಯಜಮಾನರನ್ನು ಮಾತ್ರ ಅನುಮಾನಿಸಿದವಳಲ್ಲ. ಅವರು ಅದಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ ಎನ್ನುವುದು ಸರಿಯಾದ ಮಾತು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋದರೆ ಸಂಜೆ ಅದೇ ಸ್ಕೂಟರಿನಲ್ಲಿ, ಅದೇ ಮುಖ ಹೊತ್ತು ವಾಪಸು. ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ಹೇಳಲೂ ಎದೆಗಾರಿಕೆಯಿಲ್ಲದ ಮನುಷ್ಯ ಸಂಸಾರಕ್ಕೆ ಮೋಸ ಮಾಡುವ ಎದೆಗಾರಿಕೆಯನ್ನು ಎಲ್ಲಿಂದ ತಂದಾರು ಎಂದು ನಾನು ನೆಮ್ಮದಿಯಾಗಿದ್ದೆ. ಆ ನೆಮ್ಮದಿ ಕದಲಿದ್ದು ಒಂದು ಕೊರಿಯರ್ ಡಬ್ಬದಿಂದ.

ಭಾನುವಾರ ಬೆಳಿಗ್ಗೆ ಬಂದ ಆ ಡಬ್ಬವನ್ನು ಇವರು ಗೇಟಿನಲ್ಲೇ ಇಸಿದುಕೊಂಡು, "ಫ್ಯಾಕ್ಟರಿ ಸಾಮಾನು" ಎಂದು ಗೊಣಗಿ, ನೇರವಾಗಿ ಮಹಡಿ ಮೇಲಿನ ಸಣ್ಣ ರೂಮಿಗೆ ಒಯ್ದು ಬಾಗಿಲು ಹಾಕಿಕೊಂಡರು. ಹಬ್ಬದ ಪಾತ್ರೆ, ಗೊಂಬೆ ಪೆಟ್ಟಿಗೆ ಇಟ್ಟಿರುವ ರೂಮದು. ಈ ಮನೆಗೆ ಬಂದ ಇಪ್ಪತ್ತು ವರ್ಷದಲ್ಲಿ ಆ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಪ್ರತಿ ಸಂಜೆ ಕಾಫಿ ಕುಡಿದದ್ದೇ ಮೇಲೆ ಹೋಗುವುದು, ಚಿಲಕ ಹಾಕುವುದು, ಊಟಕ್ಕೆ ಎರಡು ಸಲ ಕೂಗಿಸಿಕೊಳ್ಳುವುದು. ಇದರ ಜೊತೆಗೆ ಮನೆಯಲ್ಲಿ ಸಾಮಾನುಗಳು ಕಾಣೆಯಾಗತೊಡಗಿದವು. ಮೊದಲು ಮಗಳು ಅನುಷಾಳ ಕೆಂಪು ನೇಲ್ ಪಾಲಿಶ್. ನಂತರ ಹುಬ್ಬಿನ ಕೂದಲು ಕೀಳುವ ಪುಟ್ಟ ಚಿಮುಟ. ಕೊನೆಗೆ ನನ್ನ ಹಳೆಯ ಧರ್ಮಾವರಂ ಸೀರೆಯಿಂದ ಬಿಡಿಸಿಟ್ಟಿದ್ದ ಜರಿ. ನೀವೇ ಯೋಚಿಸಿ, ಕಾಣೆಯಾದದ್ದೆಲ್ಲ ಹೆಂಗಸರ ವಸ್ತು. ಒಂದು ದಿನ ಅನ್ನ ಬಡಿಸುವಾಗ ನೋಡಿದರೆ ಇವರ ಹೆಬ್ಬೆರಳ ಮೇಲೆ ಅದೇ ಕೆಂಪು ಬಣ್ಣ! ಮೈಯಿಂದ ಎಂಥದೋ ಘಾಟು ವಾಸನೆ ಬೇರೆ.

ಅನುಷಾಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೇಳಿದೆ. ಡಿಗ್ರಿ ಓದುವ ಹುಡುಗಿ, ಫೋನಿನಿಂದ ತಲೆ ಎತ್ತದೆ, "ಅಮ್ಮಾ, ನೀನು ಸೀರಿಯಲ್ ನೋಡೋದು ಕಮ್ಮಿ ಮಾಡು" ಎಂದಳು. ಎದುರುಮನೆಯ ಲಲಿತಮ್ಮ ನಮ್ಮ ಗುರುವಾರದ ಭಜನೆಯವರು, ಲೋಕ ಕಂಡವರು. ಅವರನ್ನು, "ನಂಗೆ ಗೊತ್ತಿರೋ ಒಬ್ರ ಮನೇಲಿ ಹೀಗಾಗ್ತಿದೆಯಂತೆ" ಎಂದು ಸುತ್ತುಬಳಸಿ ಕೇಳಿದೆ. ಲಲಿತಮ್ಮ ಕಾಫಿ ಲೋಟ ಕೆಳಗಿಟ್ಟು, "ಸುಮಿತ್ರಾ, ಆ ಒಬ್ರಿಗೆ ಹೇಳಿ, ಐವತ್ತು ದಾಟಿದ ಗಂಡಸ್ರನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ಬೇಕು" ಎಂದು ನನ್ನನ್ನೇ ನೋಡಿದರು.

ಮುಂದಿನ ಭಾನುವಾರ ಇವರು ಕ್ಷೌರಕ್ಕೆ ಹೋದಾಗ ಗಣಪತಿಗೆ ಕೈ ಮುಗಿದು ಮಹಡಿ ಹತ್ತಿದೆ. ಹಾಸಿದ ಪೇಪರಿನ ಮೇಲೆ ಒಂದು ಲಾರಿ ಅರ್ಧಂಬರ್ಧವಾಗಿ ಬಿದ್ದಿತ್ತು. ಬಿಡಿಭಾಗ ಅಂಟಿಸಿ ಜೋಡಿಸುವ ಪ್ಲಾಸ್ಟಿಕ್ ಲಾರಿ, ಒಂದಡಿ ಉದ್ದ. ನೇಲ್ ಪಾಲಿಶ್ ಮುಂಭಾಗಕ್ಕೆ ಹೋಗಿತ್ತು, ಜರಿ ಕಿಟಕಿಯ ಅಂಚಿಗೆ. ಚಿಮುಟ ಅಂಟಿನ ಟ್ಯೂಬಿನ ಪಕ್ಕದಲ್ಲಿತ್ತು, ಆ ಘಾಟು ಅಂಟಿನದೇ. ಐಸ್‌ಕ್ರೀಂ ಕಡ್ಡಿಗಳನ್ನು ಸೀಳಿ ಹಿಂದಿನ ಮರದ ಹಲಗೆಗಳನ್ನು ಮಾಡಿದ್ದರು. ಡಬ್ಬದ ಮೇಲಿನ ಚಿತ್ರದಲ್ಲಿದ್ದದ್ದು ಯಾವುದೋ ವಿದೇಶದ ಬೋಳು ಬಿಳಿ ಲಾರಿ. ಅದನ್ನು ಇವರು ಹಣೆಗೆ ಪಟ್ಟಿ, ಬದಿಗೆ ಕಮಲದ ಹೂವು ಬರೆದು ನಮ್ಮ ಕಡೆಯ ಲಾರಿಯಾಗಿ ಪಳಗಿಸುತ್ತಿದ್ದರು. ಹೆಂಗಸಿನ ವಿಷಯವಲ್ಲ, ಸದ್ಯ, ದೇವರು ದೊಡ್ಡವನು ಎಂದು ಎದೆ ಮುಟ್ಟಿಕೊಂಡೆ. ಆ ಕೈ ಇಳಿಸುವ ಮೊದಲೇ ಇನ್ನೊಂದು ಯೋಚನೆ ಬಂತು. ಇದು ಆಟದ ಸಾಮಾನು. ಆಟದ ಸಾಮಾನೆಂದ ಮೇಲೆ ಮಗು ಇರಲೇಬೇಕಲ್ಲ. ನಮ್ಮನೆಯಲ್ಲಿ ಮಗುವಿಲ್ಲ. ಹಾಗಾದರೆ ಯಾರ ಮಗು? ಪಕ್ಕದಲ್ಲೇ ಒಂದು ಹಾಳೆ. ಅದರಲ್ಲಿ ಇವರ ಕೈಬರಹ, ಶಾಲೆಯ ಕಾಪಿ ಪುಸ್ತಕದ ಹಾಗೆ ಎರಡೇ ಹೆಸರು ಮೇಲಿಂದ ಕೆಳಗಿನವರೆಗೂ: ಪವಿತ್ರಾ, ಚೇತನ್. ಪವಿತ್ರಾ, ಚೇತನ್. ಲಾರಿಗಳ ಹಿಂದೆ ಯಾರ ಹೆಸರು ಬರೆಸುತ್ತಾರೆಂದು ಮಾಗಡಿ ರಸ್ತೆಯಲ್ಲಿ ಓಡಾಡುವ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಕ್ಕಳ ಹೆಸರು! ಒಂದಲ್ಲ, ಎರಡು!

ಬಾಯಲ್ಲಿ ಮಾತು ಇಟ್ಟುಕೊಂಡು ಗೊತ್ತಿಲ್ಲ ನನಗೆ. ಇವರು ತಲೆಗೆ ಸ್ನಾನ ಮಾಡಿ ಬಂದು ಉಪ್ಪಿಟ್ಟಿಗೆ ಕೈ ಹಾಕುತ್ತಿದ್ದ ಹಾಗೆ ಕೇಳಿಬಿಟ್ಟೆ.

"ಪವಿತ್ರಾ, ಚೇತನ್ ಯಾರ್ರೀ?"

ಇವರು ಕೆಮ್ಮಿ, ನೀರು ಕುಡಿದು, "ಡ್ರೈವರ್ ಮಕ್ಳು" ಎಂದರು.

"ಯಾವ ಡ್ರೈವರ್ರು?"

"ನಮ್ ಫ್ಯಾಕ್ಟರಿಗೆ ಮಾಲು ತರ್ತಾರಲ್ಲ, ಶಿರಾ ಕಡೆಯ ನಾಗರಾಜು ಅಂತ. ಅವರ ಲಾರಿ ಹಿಂದೆ ಬರೆಸಿದಾರೆ. ಇದು ಅದೇ ಲಾರಿ ಕಣೇ. ಅದ್ರಲ್ಲಿ ಏನಿದೆಯೋ ಅದೆಲ್ಲಾ ಇದ್ರಲ್ಲಿ ಇರ್ಬೇಕು."

"ಮತ್ತೆ ಬಾಗ್ಲು ಯಾಕೆ ಹಾಕ್ಕೋತಿದ್ರಿ?"

"ನಿಂಗೆ ಹೇಳಿದ್ರೆ ಲಲಿತಮ್ಮಂಗೆ ಹೇಳ್ತೀಯ. ಲಲಿತಮ್ಮಂಗೆ ಹೇಳಿದ್ರೆ ಬೀದಿಗೆಲ್ಲ ಗೊತ್ತಾಗುತ್ತೆ. ಈ ವಯಸ್ಸಲ್ಲಿ ಲಾರಿ ಆಡ್ತಾನೆ ಅಂತ ನಗಲ್ವಾ?"

ನಂಬಬಹುದಾದ ಮಾತೇ. ಆದರೆ ತುಂಬ ಚೆನ್ನಾಗಿ ಹೊಂದುವ ಮಾತನ್ನು ಕಂಡರೆ ನನಗೆ ಇನ್ನೂ ಅನುಮಾನ. "ಆ ಲಾರೀನ ನಂಗೆ ತೋರ್ಸಿ" ಎಂದೆ.

ಬುಧವಾರ ಮಾಲು ಬರುವ ದಿನ. ಮಧ್ಯಾಹ್ನ ಕಾರ್ಖಾನೆಯ ಗೇಟಿನ ಮುಂದೆ ಆಟೋ ಇಳಿದೆ. ಇವರು ಹೊರಗೆ ಬಂದು ಲಾರಿ ತೋರಿಸಿದರು. ಕೆಂಪು ಮುಖ, ಕಮಲದ ಹೂವು, ಹಿಂದೆ ಹಳದಿ ಅಕ್ಷರದಲ್ಲಿ ಪವಿತ್ರಾ, ಚೇತನ್. ನೆರಳಿನಲ್ಲಿ ಕುಳಿತಿದ್ದ ನಾಗರಾಜು ಎದ್ದು ಬಂದು, ಇವರು ಒಳಗೆ ಹೋದದ್ದನ್ನು ಖಚಿತ ಮಾಡಿಕೊಂಡು, ಸಣ್ಣ ದನಿಯಲ್ಲಿ ಕೇಳಿದರು: "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಸಾರು ಆರ್‌ಟಿಓ ಕಡೆಯವ್ರಾ? ಬಂದಾಗೆಲ್ಲ ಟೇಪ್ ಹಿಡ್ಕೊಂಡು ನಮ್ ಗಾಡಿ ಅಳೀತಾರೆ, ಫೋಟೋ ಹೊಡೀತಾರೆ. ಮೊನ್ನೆ ಮಕ್ಳ ಹೆಸರು ಬರ್ಕೊಂಡ್ರು. ಊರಲ್ಲಿ ನಮ್ಮನೆಯವ್ಳು ಹೆದರ್ಕೊಂಡು ಅನ್ನ ಬಿಟ್ಟವ್ಳೆ."

"ಅಯ್ಯೋ ಇಲ್ಲಪ್ಪ, ನಿಮ್ ಲಾರಿ ಥರಾನೇ ಒಂದು ಸಣ್ಣ ಲಾರಿ ಮಾಡ್ತಾ ಇದಾರೆ, ಅಷ್ಟೇ."

"ಮನೇಲಿ ಚಿಕ್ಕ ಮಕ್ಳು ಅವ್ರಾ?"

"ಇಲ್ಲ."

"ಮತ್ತೆ ಯಾರಿಗಮ್ಮಾ?" ಎಂದು ಆತ ಗೇಟಿನ ಕಡೆ ಕಣ್ಣು ಸಣ್ಣದು ಮಾಡಿ ನೋಡಿದಾಗ ನನಗೆ ಎಲ್ಲಿತ್ತೋ ಕೋಪ. "ಯಾರಿಗಾದ್ರೂ ಆಗ್ಲಿ! ನಮ್ ಯಜಮಾನ್ರು ದೇವರಂಥೋರು, ಅವರ ಮೇಲೆ ಅನುಮಾನ ಪಟ್ರೆ ಒಳ್ಳೇದಾಗಲ್ಲ" ಎಂದು ಗದರಿಸಿಬಿಟ್ಟೆ. ನಾಗರಾಜು ಕೆನ್ನೆ ಬಡಿದುಕೊಂಡರು. ನಾನೂ ಮನಸ್ಸಿನಲ್ಲೇ ಬಡಿದುಕೊಂಡೆ.

ಅಲ್ಲಿಂದಾಚೆಗೆ ಮಹಡಿಯ ಬಾಗಿಲು ತೆರೆದೇ ಇತ್ತು. ಟಾರ್ಪಾಲಿಗೆ ನನ್ನ ರವಿಕೆಯ ಲೈನಿಂಗ್ ಬಟ್ಟೆಯನ್ನೂ ಹಗ್ಗಕ್ಕೆ ಹೂ ಕಟ್ಟುವ ದಾರವನ್ನೂ ನಾನೇ ಕೊಟ್ಟೆ. ಮುಗಿದ ದಿನ ಪೂಜೆ ಮಾಡದೆ ಗಾಡಿ ಇಳಿಸುವುದುಂಟೇ? ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ಇಡಲು ನಿಂಬೆಹಣ್ಣು ತಂದೆ. ಹಣ್ಣು ಚಕ್ರದಷ್ಟೇ ದೊಡ್ಡದಿತ್ತು. ಇವರು ಕಾಗದದಲ್ಲಿ ಲೆಕ್ಕ ಹಾಕಿದರು. ಲಾರಿ ನಿಜದ ಲಾರಿಯ ಇಪ್ಪತ್ತನಾಲ್ಕನೇ ಒಂದು ಭಾಗವಂತೆ, ಹಣ್ಣೂ ಅಷ್ಟೇ ಇರಬೇಕಂತೆ. ಕೊನೆಗೆ ಅಡುಗೆಮನೆಯಲ್ಲಿ ಆ ಅಳತೆಗೆ ಸಿಕ್ಕಿದ್ದು ಸಾಸಿವೆ. ಹತ್ತು ಚಕ್ರದಡಿ ಹತ್ತು ಕಾಳು ಇಟ್ಟು, ಬೆರಳಿನಿಂದ ಲಾರಿಯನ್ನು ಮೆಲ್ಲಗೆ ಮುಂದೆ ತಳ್ಳಿದೆವು. ಒಂದು ಕಾಳು ಚಟ್ ಎಂದಿತು. ಇವರು ಮಗುವಿನ ಹಾಗೆ ನಕ್ಕರು. ಅಷ್ಟು ನಗು ಆ ಮುಖದಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಗಂಡನನ್ನು ಅನುಮಾನಿಸಿದ ಪಾಪಕ್ಕೆ ತಾಯಿ ಇಷ್ಟು ಕರುಣೆ ತೋರಿದಳಲ್ಲ ಎಂದು ಕಣ್ಣು ತುಂಬಿ ಬಂತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂತೋಷ ಹೆಚ್ಚಾಗಿ ನಾನು ಲಾರಿಯನ್ನು ಹಾಲಿನ ಶೋಕೇಸಿನಲ್ಲಿಟ್ಟೆ. ಶುಕ್ರವಾರ ಕುಂಕುಮಕ್ಕೆ ಬಂದ ಲಲಿತಮ್ಮ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಓದಿದರು.

"ಪವಿತ್ರಾ, ಚೇತನ್... ಯಾರು ಸುಮಿತ್ರಾ ಇವ್ರು?"

"ಒಬ್ರು ಲಾರಿ ಡ್ರೈವರ್ ಮಕ್ಳು ಲಲಿತಮ್ಮ, ಶಿರಾದಲ್ಲಿದಾರೆ."

"ಡ್ರೈವರ್ ಮಕ್ಳ ಹೆಸ್ರನ್ನ ನಿಮ್ಮನೆಯವ್ರು ಯಾಕೆ ಬರೀತಾರೆ?"

"ಇದ್ದದ್ದು ಇದ್ದ ಹಾಗೆ ಇರ್ಬೇಕು ಅಂತ."

"ಅವರ ತಾಯಿ?"

"ಅವ್ರೂ ಅಲ್ಲೇ. ಪಾಪ, ಹೆದರ್ಕೊಂಡು ಅನ್ನ ಬಿಟ್ಟಿದ್ರಂತೆ. ನಾನೇ ಹೋಗಿ ಎಲ್ಲಾ ಸರಿಮಾಡಿ ಬಂದೆ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಲಲಿತಮ್ಮ ಮಾತ್ರ ಕುಂಕುಮ ಇಟ್ಟುಕೊಳ್ಳುವುದನ್ನೂ ಮರೆತು ಭರಣಿಯನ್ನು ಕೆಳಗಿಟ್ಟು, "ನಿಮ್ದು ದೊಡ್ಡ ಮನಸ್ಸು ಸುಮಿತ್ರಾ" ಎಂದು ಹೊರಟುಹೋದರು.

ಮುಂದಿನ ಗುರುವಾರ ಭಜನೆಗೆ ಹೋದರೆ ಎಲ್ಲರೂ ಸರಿದು ಮೊದಲ ಸಾಲಿನಲ್ಲಿ ಜಾಗ ಮಾಡಿಕೊಟ್ಟರು. ಪಕ್ಕದಲ್ಲಿದ್ದವರು ನನ್ನ ಕೈ ಒತ್ತಿ, "ಧೈರ್ಯವಾಗಿರಿ, ದೇವರಿದಾನೆ" ಎಂದರು. ಶಿರಾದ ಸಂಸಾರವನ್ನು ಇವರ ತಲೆಗೆ ಕಟ್ಟಿದ್ದಾರೆಂದು ನನಗೆ ಹೊಳೆದದ್ದು ಎರಡನೇ ಭಜನೆಯ ಹೊತ್ತಿಗೆ. ಎದ್ದು ನಿಂತು ಎಲ್ಲರಿಗೂ ಬಿಡಿಸಿ ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ಪ್ರಸಾದ ಬಂತು. ಎಲ್ಲರಿಗೂ ಒಂದೊಂದು ದೊನ್ನೆ ಪುಳಿಯೋಗರೆ, ನನಗೆ ಎರಡು. ಇಪ್ಪತ್ತೈದು ವರ್ಷ ನಂಬಿಕೆಯಿಂದ ಸಂಸಾರ ಮಾಡಿದ್ದಕ್ಕೆ ಯಾರೂ ಒಂದು ಅಗುಳು ಹೆಚ್ಚಿಗೆ ಕೊಟ್ಟಿರಲಿಲ್ಲ. ದೇವರು ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಸುಮ್ಮನಾದೆ.

ಒಂದು ದೊನ್ನೆಯನ್ನು ಮನೆಗೆ ತಂದು ಇವರಿಗೆ ಕೊಟ್ಟೆ. ಚಪ್ಪರಿಸಿಕೊಂಡು ತಿಂದು, "ಬಹಳ ಚೆನ್ನಾಗಿದೆ ಕಣೇ, ಇವತ್ತು ಯಾರ ಸೇವೆ?" ಎಂದು ಕೇಳಿದರು.

"ನಿಮ್ದೇ ರೀ" ಎಂದೆ.